ವಿದೇಶದಿಂದ ಕೌಟುಂಬಿಕ ದೌರ್ಜನ್ಯ ಸಂತ್ರಸ್ತೆಯರ ಸುರಕ್ಷಿತ ವಾಪಸಾತಿ

ವಿದೇಶದಿಂದ ಕೌಟುಂಬಿಕ ದೌರ್ಜನ್ಯ ಸಂತ್ರಸ್ತೆಯರ ಸುರಕ್ಷಿತ ವಾಪಸಾತಿ ಎಂದರೆ, ಹೊರದೇಶದಲ್ಲಿ ಪತಿ ಅಥವಾ ಆತನ ಕುಟುಂಬದವರಿಂದ ಹಿಂಸೆಗೆ ಒಳಗಾದ ಮಹಿಳೆಯನ್ನು ಹಾಗೂ ಆಕೆಯ ಮಕ್ಕಳನ್ನು ಅಪಾಯವಿಲ್ಲದೆ ತಾಯ್ನಾಡಿಗೆ ಕರೆತರುವ ಮತ್ತು ಮರಳಿದ ಮೇಲೆ ಕಾನೂನಿನ ರಕ್ಷಣೆ ಒದಗಿಸುವ ಪ್ರಕ್ರಿಯೆ. ಭಾರತೀಯ ರಾಯಭಾರ ಕಚೇರಿಗಳು, ರಾಷ್ಟ್ರೀಯ ಮಹಿಳಾ ಆಯೋಗ, ಪೊಲೀಸರು, ನ್ಯಾಯಾಲಯಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ಕರ್ನಾಟಕದಲ್ಲಿ ಈ ವಿಷಯವು ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳುವವರು ಹೆಚ್ಚಾಗಿರುವ ಕರಾವಳಿ ಜಿಲ್ಲೆಗಳಿಗೆ ವಿಶೇಷವಾಗಿ ಸಂಬಂಧಿಸಿದೆ.

ಹಿನ್ನೆಲೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಗಲ್ಫ್ ರಾಷ್ಟ್ರಗಳಿಗೆ ವಲಸೆಯು 1970ರ ದಶಕದ ತೈಲ ಸಮೃದ್ಧಿಯ ನಂತರ ಹೆಚ್ಚಾಯಿತು. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾಯಿತು. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಭಾಗದ ಗ್ರಾಮಗಳಲ್ಲಿಯೂ ವಿದೇಶದಲ್ಲಿ ದುಡಿಯುವ ಸದಸ್ಯರಿರುವ ಕುಟುಂಬಗಳು ಇವೆ. ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಬೆಳವಣಿಗೆಯೊಂದಿಗೆ ಅಮೆರಿಕ, ಬ್ರಿಟನ್, ಕೆನಡಾ ಮತ್ತು ಆಸ್ಟ್ರೇಲಿಯಾಗಳಿಗೆ ಪತಿಯೊಡನೆ ತೆರಳುವ ಕನ್ನಡಿಗ ಮಹಿಳೆಯರ ಸಂಖ್ಯೆಯೂ ಏರಿತು.

ಹೀಗೆ ತೆರಳುವ ಅನೇಕರ ವೀಸಾ ಪತಿಯ ಉದ್ಯೋಗವನ್ನು ಅವಲಂಬಿಸಿರುತ್ತದೆ. ಅಮೆರಿಕದ ಎಚ್-4 ವೀಸಾ ಮತ್ತು ಗಲ್ಫ್ ರಾಷ್ಟ್ರಗಳ ಕುಟುಂಬ ವೀಸಾ ಇದಕ್ಕೆ ಉದಾಹರಣೆಗಳು. ವಾಸದ ಹಕ್ಕು, ಬ್ಯಾಂಕ್ ಖಾತೆ ಮತ್ತು ಆದಾಯ ಮೂರೂ ಪತಿಯ ಹಿಡಿತದಲ್ಲಿರುವಾಗ ಹಿಂಸೆಯ ವಿರುದ್ಧ ದೂರು ನೀಡುವುದು ಕಷ್ಟವಾಗುತ್ತದೆ. ಪಾಸ್‌ಪೋರ್ಟ್ ಕಸಿದುಕೊಳ್ಳುವುದು, ಫೋನ್ ಸಂಪರ್ಕ ತಡೆಯುವುದು ಮತ್ತು ಗಡೀಪಾರಿನ ಬೆದರಿಕೆ ಒಡ್ಡುವುದು ಇಂತಹ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತವೆ.

ವಾಪಸಾತಿ ಮತ್ತು ಪರಿತ್ಯಾಗ

ಮಹಿಳೆಯು ತಾನಾಗಿ ಮರಳುವುದಕ್ಕೂ ಪತಿಯು ಆಕೆಯನ್ನು ತವರಿನಲ್ಲಿ ಬಿಟ್ಟುಹೋಗುವುದಕ್ಕೂ ವ್ಯತ್ಯಾಸವಿದೆ. ರಜೆಯ ನೆಪದಲ್ಲಿ ಪತ್ನಿಯನ್ನು ಭಾರತಕ್ಕೆ ಕರೆತಂದು, ಪಾಸ್‌ಪೋರ್ಟ್ ಮತ್ತು ವೀಸಾ ದಾಖಲೆಗಳೊಂದಿಗೆ ಪತಿ ಒಬ್ಬನೇ ಹಿಂದಿರುಗುವುದನ್ನು ದೇಶಾಂತರ ವಿವಾಹ ಪರಿತ್ಯಾಗ ಎಂದು ಕರೆಯಲಾಗುತ್ತದೆ. ಲಂಡನ್ನಿನಲ್ಲಿ 1979ರಲ್ಲಿ ಸ್ಥಾಪನೆಯಾದ ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಯು ಇದನ್ನು ಕೌಟುಂಬಿಕ ದೌರ್ಜನ್ಯದ ಒಂದು ರೂಪವೆಂದು ಪರಿಗಣಿಸುವಂತೆ ಒತ್ತಾಯಿಸುತ್ತ ಬಂದಿದೆ. ಪರಿತ್ಯಕ್ತ ಮಹಿಳೆಯು ಆ ದೇಶದ ನ್ಯಾಯಾಲಯದಲ್ಲಿ ಜೀವನಾಂಶ, ಆಸ್ತಿ ಅಥವಾ ಮಕ್ಕಳ ಪಾಲನೆಗಾಗಿ ವಾದ ಮಂಡಿಸುವ ಅವಕಾಶವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಮರಳುವಿಕೆಯು ಸಂತ್ರಸ್ತೆಯ ಸ್ವಂತ ನಿರ್ಧಾರವಾಗಿರುವುದು ಸುರಕ್ಷಿತ ವಾಪಸಾತಿಯ ಮೊದಲ ಷರತ್ತು. ಅಲ್ಲಿಯೇ ಉಳಿದು ರಕ್ಷಣೆ ಪಡೆಯಲು ಬಯಸುವವರಿಗೆ ಅಮೆರಿಕದಲ್ಲಿ ಮಾನವಿ (1985), ಸಖಿ (1989) ಮತ್ತು ಮೈತ್ರಿ (1991) ಎಂಬ ದಕ್ಷಿಣ ಏಷ್ಯಾ ಮೂಲದವರ ಸಂಸ್ಥೆಗಳು ನೆರವಾಗುತ್ತವೆ.

ಪ್ರಯಾಣಕ್ಕೆ ಮುನ್ನ

ಪ್ರಾಣಾಪಾಯವಿದ್ದಾಗ ಮೊದಲು ಸ್ಥಳೀಯ ಪೊಲೀಸರನ್ನು ಸಂಪರ್ಕಿಸಬೇಕಾಗುತ್ತದೆ. ರಾಯಭಾರ ಕಚೇರಿಯ ಅಧಿಕಾರಿಗಳಿಗೆ ವಿದೇಶದ ಮನೆಯೊಂದನ್ನು ಪ್ರವೇಶಿಸಿ ವ್ಯಕ್ತಿಯನ್ನು ಬಿಡಿಸುವ ಅಧಿಕಾರವಿಲ್ಲ. ಆದರೆ ಅವರು ಸ್ಥಳೀಯ ಆಡಳಿತದೊಡನೆ ವ್ಯವಹರಿಸಬಹುದು ಮತ್ತು ಪ್ರಯಾಣ ದಾಖಲೆ ನೀಡಬಹುದು.

ಪಾಸ್‌ಪೋರ್ಟ್ ಕಾಯ್ದೆ, 1967ರ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತಾಗಿದೆ. ಅದನ್ನು ಇಟ್ಟುಕೊಳ್ಳುವ ಹಕ್ಕು ಪತಿಗಾಗಲಿ ಉದ್ಯೋಗದಾತನಿಗಾಗಲಿ ಇಲ್ಲ. ಪಾಸ್‌ಪೋರ್ಟ್ ದೊರೆಯದಿದ್ದಲ್ಲಿ ರಾಯಭಾರ ಕಚೇರಿಯು ಭಾರತಕ್ಕೆ ಏಕಮುಖ ಪ್ರಯಾಣಕ್ಕಾಗಿ ತುರ್ತು ಪ್ರಮಾಣಪತ್ರ ನೀಡುತ್ತದೆ. 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಷ್ಟದಲ್ಲಿರುವವರಿಗೆ ತಾತ್ಕಾಲಿಕ ವಸತಿ, ತುರ್ತು ಚಿಕಿತ್ಸೆ, ಕಾನೂನು ನೆರವು ಮತ್ತು ವಿಮಾನ ಟಿಕೆಟ್ ಒದಗಿಸಲು ಅವಕಾಶವಿದೆ. ತವರಿನಲ್ಲಿರುವ ಹೆತ್ತವರು ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ 'ಮದದ್' ಜಾಲತಾಣದ ಮೂಲಕ ಅಥವಾ ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕದ ಮೂಲಕ ದೂರು ಸಲ್ಲಿಸಬಹುದು.

ವಿವಾಹ ಪ್ರಮಾಣಪತ್ರ, ವೈದ್ಯಕೀಯ ವರದಿ, ಪೊಲೀಸ್ ದೂರಿನ ಪ್ರತಿ, ಬೆದರಿಕೆಯ ಸಂದೇಶಗಳು ಮತ್ತು ಪತಿಯ ಉದ್ಯೋಗ ಹಾಗೂ ವಿಳಾಸದ ವಿವರಗಳನ್ನು ಹೊರಡುವ ಮುನ್ನವೇ ಸಂಗ್ರಹಿಸಿಕೊಳ್ಳುವುದು ಮುಖ್ಯ. ಒಮ್ಮೆ ದೇಶ ಬಿಟ್ಟ ನಂತರ ಇವುಗಳನ್ನು ಪಡೆಯುವುದು ದುಸ್ತರವಾಗುತ್ತದೆ.

ಮಕ್ಕಳ ಪ್ರಶ್ನೆ

ವಾಪಸಾತಿಯ ಅತ್ಯಂತ ಜಟಿಲ ಭಾಗವು ಮಕ್ಕಳಿಗೆ ಸಂಬಂಧಿಸಿದೆ. ವಿದೇಶದಲ್ಲಿ ಜನಿಸಿ ಅಲ್ಲಿನ ಪೌರತ್ವ ಹೊಂದಿರುವ ಮಗುವಿಗೆ ಭಾರತದ ತುರ್ತು ಪ್ರಮಾಣಪತ್ರ ದೊರೆಯುವುದಿಲ್ಲ. ಆ ದೇಶದ ಪಾಸ್‌ಪೋರ್ಟ್ ಹಾಗೂ ಭಾರತದ ವೀಸಾ ಅಥವಾ ಸಾಗರೋತ್ತರ ಭಾರತೀಯ ಪೌರರ ಚೀಟಿ ಬೇಕಾಗುತ್ತದೆ. ತಂದೆಯ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ಕರೆತಂದರೆ ತಾಯಿಯ ಮೇಲೆಯೇ ಅಪಹರಣದ ಆರೋಪ ಬರುವ ಸಂಭವವಿದೆ. ಅಮೆರಿಕದಲ್ಲಿ ಇದಕ್ಕೆಂದೇ 1993ರ ಕಾಯ್ದೆಯೊಂದು ಇದೆ.

ಮಕ್ಕಳ ಅಂತಾರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಭಾರತೀಯ ನ್ಯಾಯಾಲಯಗಳು ಮಗುವಿನ ಹಿತವನ್ನು ಪ್ರಧಾನವಾಗಿ ಪರಿಗಣಿಸುತ್ತವೆ. ವಿದೇಶಿ ನ್ಯಾಯಾಲಯದ ಆದೇಶವು ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ ಎಂದು ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ಆದರೂ ವಿದೇಶದಲ್ಲಿ ಹೊರಡಿಸಲಾದ ಬಂಧನ ಆದೇಶವು ಆ ದೇಶದಲ್ಲಿ ಊರ್ಜಿತವಾಗಿಯೇ ಉಳಿಯಬಹುದು. ಹೀಗಾಗಿ ಹೊರಡುವ ಮುನ್ನ ಅಲ್ಲಿನ ವಕೀಲರ ಸಲಹೆ ಪಡೆಯುವುದು ಅಗತ್ಯವೆನಿಸುತ್ತದೆ.

ಮರಳಿದ ನಂತರದ ಕಾನೂನು ರಕ್ಷಣೆ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರ 27ನೇ ಪ್ರಕರಣದಂತೆ ಮಹಿಳೆಯು ತಾತ್ಕಾಲಿಕವಾಗಿ ವಾಸಿಸುವ ಸ್ಥಳದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೂ ಅರ್ಜಿ ಸಲ್ಲಿಸಬಹುದು. ರೂಪಾಲಿ ದೇವಿ ಪ್ರಕರಣದಲ್ಲಿ (2019), ಕ್ರೌರ್ಯದಿಂದಾಗಿ ಗಂಡನ ಮನೆ ತೊರೆದವರು ಆಶ್ರಯ ಪಡೆದ ಸ್ಥಳದಲ್ಲಿಯೇ ಕ್ರಿಮಿನಲ್ ದೂರು ದಾಖಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಭಾರತೀಯ ದಂಡ ಸಂಹಿತೆಯ 498ಎ ಪ್ರಕರಣದಲ್ಲಿದ್ದ ಈ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಪ್ರಕರಣಗಳಲ್ಲಿ ಅಡಕವಾಗಿದೆ. ಕೃತ್ಯವು ಸಂಪೂರ್ಣವಾಗಿ ವಿದೇಶದಲ್ಲಿ ನಡೆದಿದ್ದರೆ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು.

ಬಂಟ್ವಾಳ ತಾಲೂಕಿನ ವಾಮದಪದವಿನಂತಹ ಊರಿನಲ್ಲಿರುವ ತವರಿಗೆ ಮರಳಿದ ಮಹಿಳೆಯು ಈ ನಿಯಮಗಳಿಂದಾಗಿ ಪತಿಯು ಇರುವ ದೇಶಕ್ಕೆ ಹೋಗದೆಯೇ ಬಂಟ್ವಾಳದ ನ್ಯಾಯಾಲಯದಲ್ಲಿ ಪರಿಹಾರ ಕೋರಬಹುದು. ವಾಮದಪದವಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಸಂತ್ರಸ್ತೆಯು ಕೋರಿದಾಗ ವೈದ್ಯಕೀಯ ನೆರವು ನೀಡುವುದು 2005ರ ಕಾಯ್ದೆಯಂತೆ ಆಸ್ಪತ್ರೆಗಳ ಕರ್ತವ್ಯ. ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸುತ್ತಾರೆ. ಸಖಿ ಒನ್ ಸ್ಟಾಪ್ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯ, ಸಾಂತ್ವನ ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಮತ್ತು 181 ಸಹಾಯವಾಣಿಯಲ್ಲಿ ಮಾರ್ಗದರ್ಶನ ಲಭ್ಯವಿವೆ. ಕಾನೂನು ಸೇವೆಗಳ ಪ್ರಾಧಿಕಾರಗಳಿಂದ ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ.

ಮನೆಗೆಲಸದ ಮಹಿಳೆಯರು

ವಿದೇಶದ ಮನೆಗಳಲ್ಲಿ ಕೆಲಸಕ್ಕಿರುವವರು ಅನುಭವಿಸುವ ಹಿಂಸೆಯು 2005ರ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದರೂ ಅವರ ವಾಪಸಾತಿಯ ಮಾರ್ಗ ಬಹುಮಟ್ಟಿಗೆ ಇದೇ ಆಗಿದೆ. ಉಡುಪಿ ಜಿಲ್ಲೆಯ ಮಹಿಳೆಯೊಬ್ಬರನ್ನು 2016ರಲ್ಲಿ ಕತಾರ್‌ನಲ್ಲಿ ಕೆಲಸವೆಂದು ನಂಬಿಸಿ ಸೌದಿ ಅರೇಬಿಯಾಕ್ಕೆ ಕಳುಹಿಸಲಾಗಿತ್ತು. ಡಾ. ರವೀಂದ್ರನಾಥ ಶಾನುಭಾಗ್ ನೇತೃತ್ವದ ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನವು ರಾಯಭಾರ ಕಚೇರಿ ಮತ್ತು ಅನಿವಾಸಿ ಭಾರತೀಯರ ಸಹಕಾರದಿಂದ ಅವರನ್ನು 2017ರ ಸೆಪ್ಟೆಂಬರ್‌ನಲ್ಲಿ ಊರಿಗೆ ಕರೆತಂದಿತು. ಪ್ರಾಯೋಜಕನ ಒಪ್ಪಿಗೆಯಿಲ್ಲದೆ ನಿರ್ಗಮನ ಪರವಾನಗಿ ದೊರೆಯದ ಕಫಾಲಾ ಪದ್ಧತಿಯು ಇಂತಹ ವಿಳಂಬಗಳಿಗೆ ಪ್ರಮುಖ ಕಾರಣ. ಸೌದಿ ಅರೇಬಿಯಾ 2021ರಲ್ಲಿ ಈ ನಿಯಮವನ್ನು ಸಡಿಲಿಸಿದಾಗ ಮನೆಗೆಲಸದವರನ್ನು ಅದರಿಂದ ಹೊರಗಿಟ್ಟಿತು.

ಮಿತಿಗಳು

ಭಾರತದ ನ್ಯಾಯಾಲಯವು ನೀಡಿದ ಜೀವನಾಂಶದ ಆದೇಶವನ್ನು ವಿದೇಶದಲ್ಲಿರುವ ಪತಿಯ ಮೇಲೆ ಜಾರಿಗೊಳಿಸುವುದು ಸುಲಭವಲ್ಲ. ಸಮನ್ಸ್ ತಲುಪಿಸುವುದೇ ದೀರ್ಘ ಕಾಲ ಹಿಡಿಯುತ್ತದೆ. ಪಾಸ್‌ಪೋರ್ಟ್ ಮುಟ್ಟುಗೋಲು ಮತ್ತು ಲುಕ್‌ಔಟ್ ಸುತ್ತೋಲೆ ಲಭ್ಯವಿರುವ ಕ್ರಮಗಳಾಗಿದ್ದರೂ, ಪತಿಯು ಬೇರೆ ದೇಶದ ಪೌರತ್ವ ಪಡೆದಿದ್ದಲ್ಲಿ ಭಾರತೀಯ ಪಾಸ್‌ಪೋರ್ಟಿನ ಮುಟ್ಟುಗೋಲು ಅನ್ವಯವಾಗದು. ಅನಿವಾಸಿ ಭಾರತೀಯರ ವಿವಾಹ ನೋಂದಣಿಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಅನಿವಾಸಿ ವಿವಾಹಗಳಿಗೆ ಸಮಗ್ರ ಕಾನೂನು ರೂಪಿಸುವಂತೆ ಕಾನೂನು ಆಯೋಗವು ತನ್ನ 287ನೇ ವರದಿಯಲ್ಲಿ (2024) ಶಿಫಾರಸು ಮಾಡಿದೆ.