ಸುತ್ತಿಗೆ ಹುಡುಕಹೋದವರಿಗೆ ಸಿಕ್ಕ ನಿಧಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿಡುವಿನಲ್ಲಿ ಲೋಹಶೋಧಕ ಹಿಡಿದು ಹೊಲಗಳಲ್ಲಿ ಅಲೆಯುತ್ತಾನೆ. "ಇನ್ನೂ ಆಳಕ್ಕೆ ಶೋಧಿಸುವ ಹೊಸ ಯಂತ್ರ ಕೊಳ್ಳಲೇ, ಸಾರ್?" ಎಂದು ಮೊನ್ನೆ ಕೇಳಿದ. ಯಂತ್ರದ ವಿಷಯ ನಾನರಿಯೆ. ಇತಿಹಾಸದ ಮೇಷ್ಟ್ರಾಗಿ ಎರಡು ಪ್ರಸಂಗ ಹೇಳಿದೆ.

2009ರಲ್ಲಿ ಟೆರ್ರಿ ಹರ್ಬರ್ಟ್ ಸ್ಟಾಫರ್ಡ್‌ಶೈರಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಚಿನ್ನದ ಮಹಾನಿಧಿಯನ್ನು ಪತ್ತೆಹಚ್ಚಿದ್ದು 14 ವರ್ಷ ಹಳೆಯ ಶೋಧಕದಿಂದ.

ಇನ್ನೊಂದು 1992ರ ನವೆಂಬರ್ 16ರದು. ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬವರು ರೈತಮಿತ್ರನ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ! ಕೊಂಚ ಅಗೆದವರು ಕೈತಡೆದು ಅಧಿಕಾರಿಗಳಿಗೆ ತಿಳಿಸಿದರು. ಮರುದಿನ ಪುರಾತತ್ತ್ವಜ್ಞರು ಅಗೆದರು. 14,000ಕ್ಕೂ ಮಿಕ್ಕ ನಾಣ್ಯಗಳು ದೊರೆತವು. ಒಡವೆ, ಚಮಚಗಳನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಆತುರದಿಂದ ಚೀಲಕ್ಕೆ ತುಂಬಿದ್ದರೆ ಆ ಜೋಡಣೆ ಅಂದೇ ಅಳಿಯುತ್ತಿತ್ತು. ಸುತ್ತಿಗೆಯೂ ಸಿಕ್ಕಿ, ನಿಧಿಯೊಡನೆ ಬ್ರಿಟಿಷ್ ಮ್ಯೂಸಿಯಮ್ ಸೇರಿತು.

ನೇಗಿಲು ಕದಡಿದ ಮೇಲ್ಮಣ್ಣಿನ ವಸ್ತು ಆಗಲೇ ನೆಲೆ ತಪ್ಪಿರುತ್ತದೆ. ಅದರ ಕೆಳಗಿನದು ಇಟ್ಟವರು ಇಟ್ಟಂತೆಯೇ ಉಳಿದಿರಬಹುದು. ಹೊಸ ಯಂತ್ರ ಮುಟ್ಟುವುದು ಅಲ್ಲಿಗೇ. ಆದ್ದರಿಂದ ಅವನಿಗೆ ಹೇಳಿದೆ: "ಕೊಳ್ಳು, ಮಗೂ. ಆದರೆ ಯಂತ್ರದ ಕಿವಿ ಆಳಕ್ಕಿಳಿದಷ್ಟೂ ನಿನ್ನ ಗುದ್ದಲಿ ತಾಳ್ಮೆ ಕಲಿಯಬೇಕು."