ಗಾಡ ಹಾಂಜಿ: 19ನೆಯ ಶತಮಾನದ ವುಲರ್ ಮೀನುಗಾರನ ಬಾಳು ಮತ್ತು ಕುಟುಂಬ

ಕಾಶ್ಮೀರ ಕಣಿವೆಯ ವುಲರ್, ಆಂಚಾರ್, ದಾಲ್ ಸರೋವರಗಳಲ್ಲೂ ಝೀಲಂ ನದಿಯಲ್ಲೂ ಮೀನು ಹಿಡಿದು ಬದುಕುವ ಮುಸ್ಲಿಂ ಸಮುದಾಯಕ್ಕೆ ಗಾಡ ಹಾಂಜಿ ಎಂದು ಹೆಸರು. ಹಾಂಜಿಗಳೆಂದರೆ ದೋಣಿಯವರು, ಮೀನುಗಾರರು ಅವರಲ್ಲೊಂದು ಪಂಗಡ. 19ನೆಯ ಶತಮಾನದ ಹಾಂಜಿಗಳ ಬಗ್ಗೆ ಬರಹಕ್ಕೆ ಬರವಿಲ್ಲ. ಬರವಿರುವುದು ಮೀನುಗಾರನ ಬಗ್ಗೆ. ಕಣಿವೆಗೆ ಬಂದ ಯುರೋಪಿಯನ್ನರು ತಮ್ಮ ಗಂಟುಮೂಟೆ ಸಾಗಿಸಿದ, ಅಡುಗೆ ಮಾಡಿ ಬಡಿಸಿದ ಡೂಂಗಾ ದೋಣಿಯವನನ್ನು ಮಾತ್ರ ಹತ್ತಿರದಿಂದ ಕಂಡರು. ಅವನ ಚೌಕಾಸಿ, ಹರಟೆ, ಜಗಳಗಳನ್ನೇ ಇಡೀ ಜಾತಿಯ ಗುಣವೆಂದು ಬರೆದಿಟ್ಟರು. ಮೀನುಗಾರ ಕಾಣಿಸಿಕೊಳ್ಳುವುದು ತೆರಿಗೆ, ನಿಷೇಧ, ಕ್ಷಾಮಗಳ ಮಾತು ಬಂದಾಗ.

ಮೂಲ: ಹಾಂಜಿಗಳು ತಮ್ಮನ್ನು ಪ್ರವಾದಿ ನೂಹ್‌ನ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಭೂಕಂದಾಯ ವ್ಯವಸ್ಥೆಯ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ 1895ರ ತನ್ನ ಗ್ರಂಥದಲ್ಲಿ ಇನ್ನೆರಡು ಮಾತುಗಳನ್ನು ದಾಖಲಿಸಿದ್ದಾನೆ: ಮತಾಂತರಕ್ಕೆ ಮುಂಚೆ ಇವರು ವೈಶ್ಯರಾಗಿದ್ದರು ಎಂಬುದೊಂದು, ಪರ್ಬತ್ ಸೇನನೆಂಬ ರಾಜ ಇವರನ್ನು ಸಂಗಲ ದ್ವೀಪದಿಂದ ಕರೆತಂದನೆಂಬುದು ಇನ್ನೊಂದು. ಕಲ್ಹಣನ ರಾಜತರಂಗಿಣಿಯಲ್ಲಿ ದೋಣಿ ನಡೆಸುವ ನಿಷಾದರು ಬರುತ್ತಾರೆ. ಹಾಂಜಿಗಳು ಅವರ ವಂಶದವರೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಈ ನಾಲ್ಕು ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ವೈಶ್ಯ ಮೂಲದ ಮಾತು ಹುಟ್ಟಿನ ಸುದ್ದಿಗಿಂತ ಮಾನದ ಬೇಡಿಕೆಯೆಂದು ತೋರುತ್ತದೆ. ಆ ಬೇಡಿಕೆಗೆ ಕಾರಣವೂ ಇತ್ತು. 1890ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಬಂದ ಮಿಷನರಿ ಟಿಂಡೇಲ್-ಬಿಸ್ಕೋ ದೋಣಿಗೆ ಹುಟ್ಟು ಹಾಕಲು ಹೇಳಿದಾಗ ಬ್ರಾಹ್ಮಣರಾದ ಪಂಡಿತರ ಮಕ್ಕಳು ಒಪ್ಪಲಿಲ್ಲ. ಅದು ಹಾಂಜಿಯ ಕೆಲಸ, ಕೈಮುಟ್ಟಿ ಮಾಡಿದರೆ ಮರ್ಯಾದೆ ಹೋಗುತ್ತದೆ ಎಂಬುದು ಅವರ ಅಳಲು.

ಹಾಂಜಿಗಳ ಒಳಗೂ ಮೇಲುಕೀಳು ಇತ್ತು. ಸರೋವರದಲ್ಲಿ ತರಕಾರಿ ಬೆಳೆಯುವ ಡೆಂಬ್ ಹಾಂಜಿಗಳೂ ವುಲರ್‌ನ ನೀರಿನಲ್ಲಿ ಬೆಳೆಯುವ ಸಿಂಗಾಡ ಕಾಯಿ ತೆಗೆಯುವ ಗಾರಿ ಹಾಂಜಿಗಳೂ ಮೊದಲ ಸಾಲಿನವರು. ಧಾನ್ಯ ಸಾಗಿಸುವ ಬಹಟ್ಸ್ ಎಂಬ ದೊಡ್ಡ ದೋಣಿಯವರು, ಡೂಂಗಾದವರು ಆಮೇಲೆ. ಮೀನು ಹಿಡಿಯುವವರೂ ನದಿಯಲ್ಲಿ ತೇಲಿಬರುವ ಸೌದೆ ಹೆಕ್ಕುವವರೂ ಕೊನೆಯಲ್ಲಿ.

ದೋಣಿಯೇ ಮನೆ: ಡೂಂಗಾ ಚಪ್ಪಟೆ ತಳದ ಉದ್ದನೆಯ ದೋಣಿ, ಸುಮಾರು 50-60 ಅಡಿ ಉದ್ದ, 6 ಅಡಿ ಅಗಲ, ಮೇಲೆ ಇಳಿಜಾರಾದ ಚಾಪೆಯ ಮಾಡು. ಹಿಂಬದಿಯಲ್ಲಿ ಮಣ್ಣಿನ ಒಲೆ. ಬಲೆ ಬೀಸುವುದು ಇನ್ನೂ ಚಿಕ್ಕದೊಂದು ದೋಣಿಯಿಂದ. ಗಂಡಸು ದೋಣಿಯ ಮೂತಿಯಲ್ಲಿ ನಿಂತು ಬೀಸುಬಲೆ ಎಸೆದರೆ ಹೆಂಡತಿಯೋ ಮಗನೋ ಹಿಂದೆ ಕೂತು ವೀಳ್ಯದೆಲೆಯಾಕಾರದ ಹುಟ್ಟಿನಿಂದ ದೋಣಿಯನ್ನು ಹದದಲ್ಲಿ ಇಡಬೇಕು. ಒಬ್ಬನೇ ಮಾಡುವ ಕಸುಬಲ್ಲ ಇದು. ವುಲರ್‌ನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ ಕೆಲಸವೆಲ್ಲ ಬೆಳಗಿನ ಹೊತ್ತಿಗೆ ಮುಗಿಯಬೇಕು.

ಚಳಿಗಾಲದ ವಿಧಾನ ಬೇರೆ. ಆಂಚಾರ್‌ನಲ್ಲಿ ಇಂದಿಗೂ ಉಳಿದಿರುವ ಕ್ರಮದಲ್ಲಿ ಮೀನುಗಾರ ದೋಣಿಯ ಅಂಚಿಗೆ ಬಾಗಿ, ತಲೆಯಿಂದ ಅರ್ಧ ಮೈವರೆಗೆ ಕಂಬಳಿ ಹೊದ್ದು ನೀರಿನ ಮೇಲೆ ನೆರಳು ಮಾಡುತ್ತಾನೆ. ಬೆಳಕಿನ ಹೊಳಪು ಅಳಿದು ತಳ ಕಾಣುತ್ತದೆ. ಚಳಿಗೆ ಜಡವಾದ ಮೀನು ಆ ಕತ್ತಲೆಯತ್ತ ಸರಿಯುತ್ತದೆ. ಕೈಯಲ್ಲಿ ಅಲುಗದಂತೆ ಹಿಡಿದ ಉದ್ದನೆಯ ಈಟಿ ಇಳಿಯುತ್ತದೆ. ಹೆಚ್ಚಾಗಿ ಸಿಗುತ್ತಿದ್ದದ್ದು ಹಿಮನೀರಿನ ಷೈಜೋಥೊರಾಕ್ಸ್ ಜಾತಿಗಳು. ಉಳಿದ ಮೀನನ್ನು ಒಣಹುಲ್ಲಿನ ಮೇಲೆ ಹರವಿ, ಮೇಲೂ ಹುಲ್ಲು ಮುಚ್ಚಿ ಬೆಂಕಿಯಿಟ್ಟರೆ ಹೊರಗೆ ಕರಿಯಾಗಿ ಒಳಗೆ ಬೆಂದು ‘ಫರಿ’ ಆಗುತ್ತದೆ. ಹಿಮ ಬಿದ್ದ ತಿಂಗಳುಗಳಿಗೆ ಅದು ಆಸರೆ. ಕಾಶ್ಮೀರಿ ಪಂಡಿತರು ಪುಷ್ಯದಲ್ಲಿ ಮನೆದೇವತೆಗೆ ಮೀನು ಮತ್ತು ಅನ್ನ ಎಡೆಯಿಡುವ ‘ಗಾಡ ಬತ್ತ’ದ ಕಾಲಕ್ಕೆ ಮೀನಿಗೆ ಬೇಡಿಕೆ ಏರುತ್ತಿತ್ತು. ದೋಣಿ ಮುಟ್ಟಲು ಹೇಸುವವರ ಹಬ್ಬದ ಎಡೆಯೂ ಆ ದೋಣಿಯಿಂದಲೇ ಬರಬೇಕಿತ್ತು.

ಮಾರುವುದು ಹೆಂಗಸರ ಕೆಲಸ. ಹಾಂಜಿ ಹೆಂಗಸರ ಜಗಳವನ್ನು ವರ್ಣಿಸದ ಪ್ರವಾಸಿ ಕಡಿಮೆ: ಕತ್ತಲಾದಾಗ ಬುಟ್ಟಿ ಬೋರಲು ಹಾಕಿ ಜಗಳವನ್ನು ನಿಲ್ಲಿಸಿ, ಬೆಳಿಗ್ಗೆ ಬುಟ್ಟಿ ಎತ್ತಿ ಮತ್ತೆ ಆರಂಭಿಸುತ್ತಾರೆಂಬ ವರ್ಣನೆ ಪುಸ್ತಕದಿಂದ ಪುಸ್ತಕಕ್ಕೆ ಹರಿದಿದೆ. ಇದೇ ಹೆಂಗಸರು ಮನೆಯ ಹಣಕಾಸು ನಡೆಸುತ್ತಿದ್ದರೆಂಬುದಕ್ಕೆ ಅವುಗಳಲ್ಲಿ ಅಷ್ಟು ಜಾಗ ಸಿಕ್ಕಿಲ್ಲ. ಗಂಡುಮಕ್ಕಳಿಲ್ಲದವರು ಮನೆಅಳಿಯನನ್ನು ತರುವ ರೂಢಿ ಕಾಶ್ಮೀರದಲ್ಲಿ ಸಾಮಾನ್ಯ. ಎರಡು ಜೋಡಿ ಕೈಯಿಲ್ಲದೆ ನಡೆಯದ ಈ ಕಸುಬಿಗೆ ಅದು ಅನುಕೂಲವೇ.

ತೆರಿಗೆ ಮತ್ತು ನಿಷೇಧ: 1822-23ರಲ್ಲಿ ಕಾಶ್ಮೀರದಲ್ಲಿದ್ದ ಆಂಗ್ಲ ಪ್ರವಾಸಿ ಮೂರ್‌ಕ್ರಾಫ್ಟ್, ವುಲರ್‌ನ ಸಿಂಗಾಡ ವರ್ಷದಲ್ಲಿ ಐದು ತಿಂಗಳು ಸುಮಾರು 30,000 ಜನರ ಹೊಟ್ಟೆ ಹೊರೆಯುತ್ತದೆ ಎಂದು ಬರೆದ. ಆಗಿನ ಸಿಖ್ ಆಡಳಿತಕ್ಕೆ ಅದರಿಂದ ದೊಡ್ಡ ಆದಾಯವಿತ್ತು. 1846ರ ಅಮೃತಸರ ಒಪ್ಪಂದದಿಂದ 75 ಲಕ್ಷ ನಾನಕ್‌ಶಾಹಿ ರೂಪಾಯಿಗೆ ಕಣಿವೆ ಜಮ್ಮುವಿನ ಡೋಗ್ರಾ ರಾಜ ಗುಲಾಬ್ ಸಿಂಗನ ಕೈಸೇರಿದ ಮೇಲೆ ಗೋರಿ ತೋಡುವವನ ಕೆಲಸಕ್ಕೂ ತೆರಿಗೆ ಬಿತ್ತು; ನೀರಿನ ಹುಟ್ಟುವಳಿ ತಪ್ಪಿಸಿಕೊಳ್ಳುವಂತಿರಲಿಲ್ಲ.

1857ರಲ್ಲಿ ಗುಲಾಬ್ ಸಿಂಗ್ ತೀರಿಕೊಂಡ ಮೇಲಿನ ಪ್ರಸಂಗ ವಿಚಿತ್ರವಾದದ್ದು. ಅವನ ಆತ್ಮ ಮೀನಾಗಿ ಹುಟ್ಟಿದೆಯೆಂದು ಪುರೋಹಿತರು ಹೇಳಿದ್ದರಿಂದ ಮೀನು ಹಿಡಿಯುವುದನ್ನು ನಿಷೇಧಿಸಲಾಯಿತೆಂದು ಆಂಗ್ಲ ಪ್ರವಾಸಿಗಳು ಬರೆದಿದ್ದಾರೆ. ಇಡೀ ಕಣಿವೆಗೆ ನಿಷೇಧವೆಂದು ಕೆಲವರು, ಶ್ರೀನಗರದ ಸೇತುವೆಗಳ ನಡುವಿನ ನದಿಗೆ ಮಾತ್ರವೆಂದು ಕೆಲವರು. ಬರೆದವರು ಗಾಳ ಹಾಕಲು ಬಂದ ವಿಹಾರಿಗಳು. ಅವರ ಬೇಸರ ತಮ್ಮ ಮೋಜು ಕೆಟ್ಟಿತೆಂದು. ಅನ್ನ ಕಳೆದುಕೊಂಡವರ ಮಾತನ್ನು ಅವರು ಕೇಳಲಿಲ್ಲ.

ಕ್ಷಾಮ ಮತ್ತು ವುಲರ್ ಆರೋಪ: 1877ರ ಶರತ್ಕಾಲದ ಮಳೆ ಕಟಾವಿನ ಭತ್ತವನ್ನು ಕೊಳೆಸಿತು. 1879ರವರೆಗೆ ಎಳೆದ ಕ್ಷಾಮದಲ್ಲಿ ಶ್ರೀನಗರದ ಜನಸಂಖ್ಯೆ 1,27,400ರಿಂದ 60,000ಕ್ಕೆ ಇಳಿಯಿತೆಂಬುದು ಲಾರೆನ್ಸನ ಲೆಕ್ಕ. ಕಡಿಮೆಯಾದವರಲ್ಲಿ ಸತ್ತವರೆಷ್ಟು, ಪಂಜಾಬಿಗೆ ಓಡಿದವರೆಷ್ಟು ಎಂದು ಆ ಅಂಕಿ ಬಿಡಿಸಿ ಹೇಳುವುದಿಲ್ಲ. ಈ ನಡುವೆ ಮಹಾರಾಜ ರಣಬೀರ್ ಸಿಂಗನ ಮೇಲೆ ಘೋರ ಆರೋಪ ಬಂತು: ಹಸಿದವರಿಗೆ ಅನ್ನ ಹಾಕುವ ಖರ್ಚು ತಪ್ಪಿಸಲು ಅವರನ್ನು ದೋಣಿಗಟ್ಟಲೆ ವುಲರ್‌ನಲ್ಲಿ ಮುಳುಗಿಸಲಾಯಿತು ಎಂದು. ಬ್ರಿಟಿಷರ ಮಟ್ಟದಲ್ಲಿ ವಿಚಾರಣೆಯೂ ನಡೆಯಿತು, ಆರೋಪ ಸಾಬೀತಾಗಲಿಲ್ಲ. ಡೋಗ್ರಾ ಅರಮನೆಯ ಪರ ವಾದಿಸಿದ ವಿಲಿಯಂ ಡಿಗ್ಬಿ 1890ರಲ್ಲಿ ಇದನ್ನು ಅಪಪ್ರಚಾರಕ್ಕೆ ಉದಾಹರಣೆಯಾಗಿ ಬಳಸಿದ. ಮಿಷನರಿಗಳ ಬರಹದಲ್ಲಿ ವಿಚಾರಣೆ ಅರೆಬರೆಯಾಗಿತ್ತೆಂಬ ಶಂಕೆ ಉಳಿಯಿತು. ಮಹಾರಾಜನನ್ನು ತಪ್ಪಿತಸ್ಥನೆಂದು ಹೇಳಲು ಆಧಾರ ಸಾಲದು. ಆದರೆ ಎರಡೂ ಪಕ್ಷದ ವಾದಗಳು ಬ್ರಿಟಿಷ್ ರೆಸಿಡೆನ್ಸಿ ಮತ್ತು ಅರಮನೆಯ ನಡುವಿನ ತಕರಾರಿಗೆ ಸೇವೆ ಸಲ್ಲಿಸಿದವು; ಆ ನೀರಿನ ಮೇಲೆ ಹಗಲಿರುಳು ಇದ್ದ ಹಾಂಜಿಯ ಸಾಕ್ಷ್ಯ ಆ ವಾದದಲ್ಲಿ ಮುಂದೆ ಬರಲಿಲ್ಲ.

ಶತಮಾನದ ಕೊನೆ: ಯುರೋಪಿಯನ್ನರು ಕಣಿವೆಯಲ್ಲಿ ಜಮೀನು ಕೊಳ್ಳುವಂತಿರಲಿಲ್ಲವಾದ್ದರಿಂದ 1880ರ ದಶಕದಲ್ಲಿ ಹೌಸ್‌ಬೋಟ್ ಹುಟ್ಟಿತು. ಮೊದಲು ಕಟ್ಟಿಸಿದವನು ಕೆನಾರ್ಡ್ ಎಂಬ ಆಂಗ್ಲನೆಂದು ಆಂಗ್ಲ ಬರಹಗಳೂ, ದೋಣಿಯಲ್ಲಿ ಅಂಗಡಿಯಿಟ್ಟ ಪಂಡಿತ ನಾರಾಯಣದಾಸನೆಂದು ಸ್ಥಳೀಯರೂ ಹೇಳುತ್ತಾರೆ. ಯಾರೇ ಇರಲಿ, ಅದರ ಲಾಭ ಡೂಂಗಾದವರಿಗೆ ಸಿಕ್ಕಿತು. ಲಾರೆನ್ಸನ ಭೂಕಂದಾಯ ಸುಧಾರಣೆ ಉಳುವವನಿಗೆ ನೆಮ್ಮದಿ ತಂದಿತು. ನೆಲವೇ ಇಲ್ಲದ ಮೀನುಗಾರ ಅದರ ಹೊರಗುಳಿದ. ಇಂಗ್ಲೆಂಡಿನಿಂದ 1899ರಲ್ಲಿ ತರಿಸಿದ ಟ್ರೌಟ್ ದಾರಿಯಲ್ಲೇ ಸತ್ತು, 1900ರಲ್ಲಿ ಸ್ಕಾಟ್‌ಲೆಂಡಿನಿಂದ ಬಂದವು ಉಳಿದುಕೊಂಡವು. ಅವೂ ಅವನ ಪಾಲಿಗಲ್ಲ, ಪರವಾನಗಿ ಪಡೆದ ಗಾಳಗಾರರ ಮೀನು.

ಮುಂದಿನ ಕಾಲ ಚೆನ್ನಾಗಿ ದಾಖಲಾಗಿದೆ. 1911ರಲ್ಲಿ ಸುಮಾರು 157 ಚದರ ಕಿ.ಮೀ. ಇದ್ದ ವುಲರ್, ಹೂಳು ಮತ್ತು ವಿಲೋ ನೆಡುತೋಪುಗಳಿಂದಾಗಿ 2007ರ ಹೊತ್ತಿಗೆ ಸುಮಾರು 86ಕ್ಕೆ ಕುಗ್ಗಿತ್ತು. 1990ರಿಂದ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ರಾಮ್ಸಾರ್ ತಾಣ. ಶ್ರೀನಗರದ ಅಮೀರಾ ಕದಲ್ ಸೇತುವೆಯ ಬಳಿ ಮೀನು ಮಾರುವವರು ಈಗಲೂ ಹೆಂಗಸರೇ. ಅವರ ಬುಟ್ಟಿಯಲ್ಲಿ ನಾಡ ಮೀನಿಗಿಂತ ಹೆಚ್ಚಾಗಿರುವುದು 1950ರ ದಶಕದಲ್ಲಿ ತಂದುಬಿಟ್ಟ ಕಾರ್ಪ್.