ಹಳೆ ಕಾರು ಎಮಿಷನ್ ಟೆಸ್ಟ್ ಪಾಸ್ ಆಗ್ಬೇಕಾ? ಕಡಿಮೆ ಖರ್ಚಲ್ಲಿ ಏನೇನು ಮಾಡಿಸ್ಬೇಕು, ಇಲ್ಲಿದೆ ಪೂರ್ತಿ ಮಾಹಿತಿ

ಸಂತೆಗೆ ಸಾಮಾನು ಹೊರೋ ಓಮ್ನಿ, ಮನೆ ಮುಂದೆ ನಿಂತಿರೋ ಮಾರುತಿ 800, ತೋಟದ ಕಡೆ ಓಡಾಡೋ ಹಳೇ ಸುಮೋ. ತಾಲ್ಲೂಕಿನ ರಸ್ತೆಗಳಲ್ಲಿ ಇಂಥ ಗಾಡಿಗಳು ಇವತ್ತಿಗೂ ದುಡೀತಾ ಇವೆ. ಆದರೆ ಎಮಿಷನ್ ಟೆಸ್ಟ್ ಅಂದ ತಕ್ಷಣ ಮಾಲೀಕರಿಗೆ ತಲೆಬಿಸಿ. ಫೇಲ್ ಆದ್ರೆ ಗ್ಯಾರೇಜಿನ ಬಿಲ್ ಎಷ್ಟಾಗುತ್ತೋ ಅನ್ನೋ ಭಯ. ನಿಜ ಹೇಳ್ಬೇಕಂದ್ರೆ, ಎಷ್ಟೋ ಸಲ ಗಾಡಿ ಫೇಲ್ ಆಗೋದು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್‌ನಂಥ ಸಣ್ಣ ವಿಷಯಕ್ಕೇ.

ಎಷ್ಟು ತಿಂಗಳಿಗೊಮ್ಮೆ ಮಾಡಿಸ್ಬೇಕು?

ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ಸರ್ಟಿಫಿಕೇಟ್ 1 ವರ್ಷ ನಡೆಯುತ್ತೆ. ಅದಕ್ಕಿಂತ ಹಳೆಯದಕ್ಕೆ 6 ತಿಂಗಳು ಮಾತ್ರ. ಬಿಎಸ್-4 ದೇಶದ ಎಲ್ಲ ಕಡೆ ಕಡ್ಡಾಯ ಆಗಿದ್ದು 2017ರ ಏಪ್ರಿಲ್ 1ರಿಂದ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ 2010ರಲ್ಲೇ ಬಂದಿತ್ತು. ಹಾಗಾಗಿ ವರ್ಷ ನೋಡಿ ಅಂದಾಜು ಮಾಡ್ಬೇಡಿ, ನಿಮ್ಮ ಗಾಡಿ ಯಾವ ಬಿಎಸ್ ಅಂತ ದಾಖಲೆಯಲ್ಲೇ ನೋಡ್ಕೊಳ್ಳಿ.

ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ₹10,000ವರೆಗೆ ದಂಡಕ್ಕೆ ಅವಕಾಶ ಇದೆ. 15 ವರ್ಷ ತುಂಬಿದ ಕಾರಿನ ಆರ್‌ಸಿ ರಿನ್ಯೂವಲ್‌ಗೂ ಈ ಸರ್ಟಿಫಿಕೇಟ್ ಬೇಕು.

ಮೆಷಿನ್ ಏನು ನೋಡುತ್ತೆ?

ಪೆಟ್ರೋಲ್ ಕಾರಿನಲ್ಲಿ ಮುಖ್ಯವಾಗಿ ಎರಡು: ಕಾರ್ಬನ್ ಮೊನಾಕ್ಸೈಡ್ (ಸಿಒ) ಮತ್ತು ಹೈಡ್ರೋಕಾರ್ಬನ್ (ಎಚ್‌ಸಿ). ಐಡ್ಲಿಂಗ್‌ನಲ್ಲಿ ಮಿತಿ ಹೀಗಿದೆ:

- ಬಿಎಸ್-2ಕ್ಕಿಂತ ಹಳೇ ಕಾರು: ಸಿಒ 3%, ಎಚ್‌ಸಿ 1500 ಪಿಪಿಎಂ
- ಬಿಎಸ್-2, ಬಿಎಸ್-3: ಸಿಒ 0.5%, ಎಚ್‌ಸಿ 750 ಪಿಪಿಎಂ
- ಬಿಎಸ್-4: ಸಿಒ 0.3%, ಎಚ್‌ಸಿ 200 ಪಿಪಿಎಂ

ಡೀಸೆಲ್ ಗಾಡಿಗೆ ಹೊಗೆ ಎಷ್ಟು ದಟ್ಟ ಇದೆ ಅನ್ನೋದೇ ಲೆಕ್ಕ. ಬಿಎಸ್-4ಕ್ಕಿಂತ ಹಳೆಯದಕ್ಕೆ ಮಿತಿ 65 ಎಚ್‌ಎಸ್‌ಯು, ಬಿಎಸ್-4ಕ್ಕೆ 50.

ಕಡಿಮೆ ಖರ್ಚಿನಿಂದ ಶುರು ಮಾಡಿ

1. ಏರ್ ಫಿಲ್ಟರ್: ನಮ್ಮ ಕಡೆ ಮಣ್ಣು ರಸ್ತೆ, ಧೂಳು ಜಾಸ್ತಿ. ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್‌ಗೆ ಗಾಳಿ ಸಾಲಲ್ಲ, ಇಂಧನ ಪೂರ್ತಿ ಉರಿಯಲ್ಲ. ಬಿಚ್ಚಿ ಬಿಸಿಲಿಗೆ ಹಿಡಿಯಿರಿ, ಬೆಳಕು ಕಾಣಲಿಲ್ಲ ಅಂದ್ರೆ ಬದಲಾಯಿಸಿ. ಈ ಕೆಲಸ ನೀವೇ ಮಾಡ್ಕೋಬಹುದು.

2. ಸ್ಪಾರ್ಕ್ ಪ್ಲಗ್: ಮಾರುತಿ 800, ಓಮ್ನಿಗೆ ಬೇಕಾಗೋದು ಮೂರೇ ಪ್ಲಗ್. ತುದಿ ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಅರ್ಥ. ಎಣ್ಣೆಯಿಂದ ಒದ್ದೆ ಇದ್ದರೆ ಇಂಜಿನ್ ಆಯಿಲ್ ಒಳಗೆ ಬರ್ತಿದೆ. ಪ್ಲಗ್ ವೈರ್ ಬಿರುಕು ಬಿಟ್ಟಿದ್ಯಾ ಅದನ್ನೂ ನೋಡಿ.

3. ಇಂಜಿನ್ ಆಯಿಲ್: ಚೇಂಜ್ ಮಾಡೋ ಟೈಮ್ ಹತ್ತಿರ ಇದ್ದರೆ ಟೆಸ್ಟ್‌ಗೆ ಮೊದಲೇ ಮಾಡಿಸಿ. ಹಳೇ ಆಯಿಲ್‌ನಲ್ಲಿ ಪೆಟ್ರೋಲ್ ಅಂಶ ಸೇರಿರುತ್ತೆ, ಅದರ ಆವಿ ಮತ್ತೆ ಇಂಜಿನ್‌ಗೇ ಹೋಗಿ ಎಚ್‌ಸಿ ಏರಿಸುತ್ತೆ.

4. ಕಾರ್ಬುರೇಟರ್: ಹಳೇ ಕಾರ್ಬುರೇಟರ್ ಗಾಡಿ ಆದ್ರೆ ಕ್ಲೀನ್ ಮಾಡಿಸಿ ಟ್ಯೂನಿಂಗ್ ಮಾಡಿಸಿ. ಚೋಕ್ ಪೂರ್ತಿ ಒಳಗೆ ಹೋಗ್ತಿದ್ಯಾ ನೋಡಿ, ಅರ್ಧಕ್ಕೆ ನಿಂತಿದ್ದರೂ ಸಿಒ ಏರುತ್ತೆ.

5. ಡೀಸೆಲ್ ಗಾಡಿ: ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮೊದಲು. ಆಮೇಲೂ ಕಪ್ಪು ಹೊಗೆ ನಿಲ್ಲಲಿಲ್ಲ ಅಂದ್ರೆ ಮಾತ್ರ ನಾಝಲ್ ಚೆಕ್ ಮಾಡಿಸಿ. ಟೆಸ್ಟ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಹಾಗಾಗಿ ಆಯಿಲ್ ಮಟ್ಟ, ಟೈಮಿಂಗ್ ಬೆಲ್ಟ್ ಸರಿ ಇದ್ಯಾ ಅಂತ ಮೊದಲೇ ನೋಡ್ಕೊಳ್ಳಿ.

ಟೆಸ್ಟ್ ದಿನ: ಇದಕ್ಕೆ ಖರ್ಚೇ ಇಲ್ಲ

ತಣ್ಣಗಿರೋ ಇಂಜಿನ್ ತಗೊಂಡು ಹೋಗ್ಲೇಬೇಡಿ. 15-20 ನಿಮಿಷ ಓಡಿಸಿ ಬಿಸಿ ಮಾಡ್ಕೊಂಡು ನೇರ ಸೆಂಟರ್‌ಗೆ ಹೋಗಿ. ಸೈಲೆನ್ಸರ್‌ನಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿ ಆದ್ಮೇಲೇ ಕೆಲಸ ಮಾಡೋದು. ಕ್ಯೂ ಇದೆ ಅಂತ ಅರ್ಧ ಗಂಟೆ ಆಫ್ ಮಾಡಿ ನಿಲ್ಲಿಸಿದ್ದರೆ ಮತ್ತೆ ಒಂದು ರೌಂಡ್ ಹೊಡೆದು ಬನ್ನಿ. ಎಸಿ ಆಫ್ ಮಾಡಿ.

ಆರ್‌ಸಿ, ಮೊಬೈಲ್ ಜೊತೆಗಿರಲಿ. ಶುಲ್ಕದ ಬೋರ್ಡ್ ನೋಡಿ ಅಷ್ಟೇ ಕೊಡಿ. ಸರ್ಟಿಫಿಕೇಟ್ ನಿಜವಾಗ್ಲೂ ಅಪ್‌ಲೋಡ್ ಆಗಿದ್ಯಾ ಅಂತ ಪರಿವಾಹನ್ ವೆಬ್‌ಸೈಟ್‌ನಲ್ಲಿ ಗಾಡಿ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ 5 ಅಂಕಿ ಹಾಕಿ ನೋಡಬಹುದು.

ಫೇಲ್ ಆದ್ರೆ ಗಾಬರಿ ಬೇಡ

ಯಾವ ಅಂಕಿ ಎಷ್ಟು ಬಂತು ಅಂತ ಬರೆಸಿಕೊಳ್ಳಿ. ಫೇಲ್ ಆದ ಗಾಡಿಗೆ ಕಾರಣ ಬರೆದ ರಿಜೆಕ್ಷನ್ ಸ್ಲಿಪ್ ಕೊಡಬೇಕು ಅಂತ 2021ರಿಂದ ನಿಯಮ ಇದೆ. ಆ ಸ್ಲಿಪ್ ಮೆಕ್ಯಾನಿಕ್‌ಗೆ ತೋರಿಸಿ.

- ಸಿಒ ಮಾತ್ರ ಜಾಸ್ತಿ: ಪೆಟ್ರೋಲ್ ಹೆಚ್ಚಾಗಿ ಹೋಗ್ತಿದೆ. ಏರ್ ಫಿಲ್ಟರ್, ಕಾರ್ಬುರೇಟರ್, ಇಂಜೆಕ್ಷನ್ ಗಾಡಿ ಆದ್ರೆ ಆಕ್ಸಿಜನ್ ಸೆನ್ಸರ್ ನೋಡಿ.
- ಎಚ್‌ಸಿ ಮಾತ್ರ ಜಾಸ್ತಿ: ಪೆಟ್ರೋಲ್ ಉರಿಯದೇ ಹೊರಗೆ ಬರ್ತಿದೆ. ಪ್ಲಗ್, ವೈರ್, ಟೈಮಿಂಗ್ ನೋಡಿ.
- ನೀಲಿ ಹೊಗೆ: ಆಯಿಲ್ ಸುಡ್ತಿದೆ. ಇದು ದೊಡ್ಡ ಕೆಲಸ. ಇಂಜಿನ್ ಬಿಚ್ಚೋ ಮೊದಲು ಗಾಡಿಯ ಬೆಲೆ ಎಷ್ಟು, ರಿಪೇರಿ ಎಷ್ಟು ಅಂತ ಲೆಕ್ಕ ಹಾಕಿ.

"ಇಂಜಿನ್ ಕೆಲಸ ಮಾಡಿಸ್ಲೇಬೇಕು" ಅಂತ ಯಾರಾದ್ರೂ ಹೇಳಿದರೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ ಅನ್ನಿ. ಅದಿಲ್ಲದೆ ಒಪ್ಕೋಬೇಡಿ.

ಗಾಡಿ ತೋರಿಸದೇ ಸರ್ಟಿಫಿಕೇಟ್ ಬೇಡ

ನೂರೋ ಇನ್ನೂರೋ ಜಾಸ್ತಿ ಕೊಟ್ಟು ಟೆಸ್ಟ್ ಇಲ್ಲದೇ ಕಾಗದ ತಗೊಳ್ಳೋರು ಇದ್ದಾರೆ. ಅದರಲ್ಲಿ ನಷ್ಟ ನಿಮಗೇ. ಸಿಒ ಜಾಸ್ತಿ ಇರೋ ಗಾಡಿ ದಿನಾ ಪೆಟ್ರೋಲ್ ಕುಡೀತಾನೇ ಇರುತ್ತೆ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಸಿಒಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಪ್ರಾಣ ತೆಗೆಯೋ ವಿಷ. ಹಳೇ ಗಾಡಿಯ ಸೈಲೆನ್ಸರ್ ಪೈಪ್ ತುಕ್ಕು ಹಿಡಿದು ತೂತಾಗಿದ್ದರೆ ಆ ಗ್ಯಾಸ್ ಒಳಗೂ ಬರಬಹುದು. ಓಮ್ನಿಯಲ್ಲಂತೂ ಇಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ. ಗ್ಲಾಸ್ ಮುಚ್ಚಿಕೊಂಡು ಓಡಿಸುವಾಗ ತಲೆನೋವು, ತಲೆಸುತ್ತು ಬರ್ತಿದ್ದರೆ ತಕ್ಷಣ ಗಾಡಿ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ, ಪೈಪ್ ಚೆಕ್ ಮಾಡಿಸಿದ ಮೇಲೇ ಮತ್ತೆ ಓಡಿಸಿ. ಸಣ್ಣ ತೂತಾದ್ರೆ ವೆಲ್ಡಿಂಗ್ ಅಂಗಡಿಯಲ್ಲೇ ಮುಗಿಯೋ ಕೆಲಸ.

ನಿಮ್ಮ ಸರ್ಟಿಫಿಕೇಟ್ ಕೊನೇ ದಿನಾಂಕ ಇವತ್ತೇ ಒಂದ್ಸಲ ನೋಡಿ. ಹದಿನೈದು ದಿನ ಮೊದಲೇ ಏರ್ ಫಿಲ್ಟರ್, ಪ್ಲಗ್ ನೋಡಿಸಿದರೆ ಕೊನೇ ಗಳಿಗೆಯ ಓಡಾಟ ತಪ್ಪುತ್ತೆ.